ಮೂರು ಇಂಚು ಮೇಲೆ

ಬೀದರ ಜಿಲ್ಲೆಯ ರಸ್ತೆಗಳು ನನ್ನ ಜೀವಮಾನದಲ್ಲಿ ಮೇಲೇಳುವುದಿಲ್ಲ ಎಂದು ಖಾತ್ರಿಯಾದ ದಿನ, ಹಾಗಾದರೆ ನಾನೇ ಮೇಲೇಳುತ್ತೇನೆ ಎಂದು ಪ್ರತಿಜ್ಞೆ ಮಾಡಿದೆ!

ಹನ್ನೊಂದು ವರ್ಷ ಬರೆದಿದ್ದೇನೆ, ಹನ್ನೊಂದು ವರ್ಷ! ವಾರಕ್ಕೊಂದು ಅಂಕಣ. ಅದರಲ್ಲಿ ಅರ್ಧಕ್ಕರ್ಧ ತಗ್ಗುಗಳ ಮೇಲೆಯೇ. ಔರಾದ ರಸ್ತೆಯ ತಗ್ಗು, ಭಾಲ್ಕಿ ರಸ್ತೆಯ ತಗ್ಗು, ತಗ್ಗು ಮುಚ್ಚಲು ಬಂದ ಲಾರಿಯೇ ಹೂತು ಕೂತ ತಗ್ಗು. ನನಗೆ ಬರೆಯುವುದನ್ನು ಯಾವ ಮಾಸ್ತರನೂ ಕಲಿಸಲಿಲ್ಲ, ಸಿಟ್ಟು ಕಲಿಸಿತು. ಓದಬೇಕಾದ ಅಧಿಕಾರಿಗಳು ಓದಿದರೋ ಇಲ್ಲವೋ, ಅವರ ಕಚೇರಿಯ ಮುಂದಿನ ಬಂಡಿಯವನು ಮಾತ್ರ ನನ್ನ ಅಂಕಣದಲ್ಲೇ ಅವರಿಗೆ ಭಜಿ ಕಟ್ಟಿಕೊಟ್ಟ. ತಗ್ಗು ತಗ್ಗಲಿಲ್ಲ. ನಾನೂ ತಗ್ಗಲಿಲ್ಲ.

ಅದಕ್ಕೇ ಈ ಆಷಾಢದಲ್ಲಿ ನನ್ನ ಹಳೆಯ ಫೋರ್‌ವ್ಹೀಲ್ ಗಾಡಿಯನ್ನು ನೌಬಾದಿನ ಸರ್ದಾರನ ಗ್ಯಾರೇಜಿಗೆ ನುಗ್ಗಿಸಿದೆ. ಗಾಡಿಯ ಬಾಡಿಯನ್ನು ಮೂರು ಇಂಚು ಮೇಲಕ್ಕೆತ್ತಿ ಕೂರಿಸುವುದು, ಕೆಳಗೆ ಆನೆಗಾಲಿನಂಥ ನಾಲ್ಕು ಟೈರು ತೊಡಿಸುವುದು. ಈ ಸಂಸ್ಕಾರಕ್ಕೆ ಗಾಡಿಯ ಹುಚ್ಚು ಹಿಡಿದವರು ‘ಲಿಫ್ಟ್’ ಎನ್ನುತ್ತಾರೆ.

"ಎದಕ್ರೀ ಇದು?" ಎಂದಳು ಹೆಂಡತಿ ಗಾರ್ಗಿ.

"ತಗ್ಗಿನ ಮ್ಯಾಲಿಂದ ಹಾರಿ ಹೋಗಲಿಕ್ಕ!"

"ತಗ್ಗು ಮುಚ್ರಿ ಅಂತ ಬರಿಯೋರು ನೀವು. ನೀವೇ ಹಾರಿ ಹೋದ್ರ ಉಳದ ಮಂದಿ ಏನ್ ಮಾಡ್ಬೇಕ್ರಿ?"

"ಅವರ ಬಗ್ಗೆ ಮ್ಯಾಲ ಕುಂತು ಬರೀತೇನಿ."

"ಹಾಂ. ಮ್ಯಾಲ ಕುಂತು ನೋಡೋರು ನಮ್ಮ ಜಿಲ್ಲಾದಾಗ ಕಮ್ಮಿ ಇದ್ರು ನೋಡ್ರಿ!"

ಅಂಕಣ ನನ್ನದು, ಚಾಟಿ ಅವಳದು.

ಸರ್ದಾರ ಪ್ರಾಮಾಣಿಕ ಮನುಷ್ಯ. ಎಲ್ಲವನ್ನೂ ಮೊದಲೇ ಹೇಳಿದ. ಹೇಳಿದ್ದನ್ನು ಕೇಳದಿರುವುದು ಪತ್ರಕರ್ತನ ಜನ್ಮಸಿದ್ಧ ಹಕ್ಕು!

"ಸಾಬ್, ಫುಟ್‌ಸ್ಟೆಪ್ ತೆಗೀಬ್ಯಾಡ್ರಿ. ಗಾಡಿ ಎತ್ತರ ಆಗ್ಯದ. ಮನ್ಯಾಗ ವಯಸ್ಸಾದವ್ರು ಇರ್ತಾರ, ಹೆಣ್ಮಕ್ಕಳು ಇರ್ತಾರ..."

"ಫುಟ್‌ಸ್ಟೆಪ್ ಇದ್ರ ಸಾಲಿ ವ್ಯಾನ್ ಕಂಡಂಗ ಕಾಣ್ತದೋ ಸರ್ದಾರ. ಬಿಚ್ಚಿ ಒಗಿ!"

"ಮತ್ತ ಟಾಯರ್ ದೊಡ್ಡು ಆಗ್ಯಾವ್ರಿ. ಸ್ಟೇರಿಂಗ್ ಪೂರಾ ತಿರುವಿದ್ರ ಒಳಗಿನ ತಗಡಿನ ಪತ್ರಾಕ್ಕ ತಿಕ್ಕತಾವ. ಆ ಪತ್ರಾ ಕೊರೀಬೇಕು. ಸ್ಟೆಪ್ನಿ ಹಳೇದು, ಸಣ್ಣದು. ಜ್ಯಾಕೂ ಎಟಕಂಗಿಲ್ಲ. ಬುಧವಾರ ಬರ್ರಿ, ಎಲ್ಲಾ ಬರೋಬ್ಬರ್ ಮಾಡ್ತೇನಿ."

"ಬುಧವಾರ ನೋಡೂಣು ಬಿಡು" ಎಂದು ಗಾಡಿ ಹತ್ತಿದೆ. ಹತ್ತಿದೆ ಎಂದರೆ, ಸ್ಟೇರಿಂಗಿಗೆ ಜೋತುಬಿದ್ದು, ಒಂದು ಮಂಡಿಯನ್ನು ಸೀಟಿಗೆ ಊರಿ, ಕೋಟೆಗೋಡೆ ಏರುವ ಸೈನಿಕನಂತೆ ಒಳಗೆ ಬಿದ್ದೆ. ಆದರೆ ಕೂತ ಮೇಲಿನ ಆ ವೈಭವ! ಲಾರಿ ಡ್ರೈವರ್‌ಗಳ ಕಣ್ಣಿಗೆ ನನ್ನ ಕಣ್ಣು ಸಮ. ಬೈಕಿನವರು ಬರೀ ಟೊಪ್ಪಿಗೆಗಳು. ನಾನು ಹನ್ನೊಂದು ವರ್ಷ ಬೈದ ತಗ್ಗುಗಳೆಲ್ಲ ಚಕ್ರದ ಕೆಳಗೆ ಹಾಸಿಗೆಯ ಸುಕ್ಕುಗಳಾದವು.

ಅದು ಸೋಮವಾರ. ಸಂಜೆ ಅಂಕಣ ಬರೆಯಲು ಕೂತರೆ, ನಂಬಿದರೆ ನಂಬಿ, ತಗ್ಗು ನೆನಪಿಗೇ ಬರಲಿಲ್ಲ! ಮರುದಿನದ ಪೇಪರಿಗೆ ಮುಂಗಾರಿನ ಚೆಲುವಿನ ಬಗ್ಗೆ ಬರೆದು ಕಳಿಸಿದೆ.

ಮಂಗಳವಾರ ಬೆಳಗಿನ ಆರಕ್ಕೆ ಭಾಲ್ಕಿಯಿಂದ ಮಕರಂದನ ಫೋನು. ಇವನು ನನ್ನ ಅತ್ತೆಯ ತಂಗಿ ಶಾಂತಾಬಾಯಿಯ ಮಗ, ನನ್ನನ್ನು ದಾಜಿ, ಎಂದರೆ ಭಾವ, ಎನ್ನುತ್ತಾನೆ.

"ದಾಜಿ, ಆಯಿ ಇವತ್ತು ದಾಟಂಗಿಲ್ಲಂತ ಡಾಕ್ಟರ್ ಹೇಳ್ಯಾರ್ರಿ. ಮೌಶಿ ಹೆಸರೇ ತಗೀಲಿಕತ್ತಾಳ. ಅಕ್ಕ ಬಂದು ಬಾಯಿಗೆ ನೀರು ಬಿಡ್ಲಿ ಅಂತಾಳ. ನಾವು ಬಿಡ್ತೇವಿ ಅಂದ್ರ ಬಾಯೇ ತಗೀವಲ್ಲಳು."

ಮೌಶಿ ಎಂದರೆ ಅವನ ದೊಡ್ಡಮ್ಮ, ಗಾರ್ಗಿಯ ತಾಯಿ, ನನ್ನ ಅತ್ತೆ ಲೀಲಾಬಾಯಿ. ಇರುವುದು ಔರಾದದಲ್ಲಿ. ಮಗ ಸೊಸೆ ಇಬ್ಬರೂ ಹಿಂದಿನ ದಿನವೇ ಬೈಕಿನಲ್ಲಿ ಭಾಲ್ಕಿಗೆ ಹೋಗಿದ್ದರು. ಎರಡೂ ಮೊಣಕಾಲು ಸೋತ ಅತ್ತೆಗೆ ಬೈಕು ಆಗದು. ಆದರೆ ಎಂಟರ ಬಸ್ಸು ಅವರ ಓಣಿಯ ಬಾಯಲ್ಲೇ ನಿಲ್ಲುತ್ತದೆ. ಕಂಡಕ್ಟರ್ ಪರಿಚಯದವನು, ಕೈ ಹಿಡಿದು ಹತ್ತಿಸುತ್ತಾನೆ. ಒಂದೂವರೆ ತಾಸಿಗೆ ಭಾಲ್ಕಿ. ಎಲ್ಲವೂ ಸರಿಯಾಗಿತ್ತು. ಆಗ ನಾನು ಫೋನು ಮಾಡಿದೆ.

"ಅತ್ತೀರಿ, ಬಸ್ ಬ್ಯಾಡ್ರಿ! ನಾ ಗಾಡಿ ತರ್ತೇನಿ. ಲಿಫ್ಟ್ ಮಾಡಿಸೀನಿ!"

"ಲಿಫ್ಟಾ? ಗಾಡಿಗೂ ಹಾಕ್ತಾರೇನ್ರಿ?"

"ಹಾಕ್ತಾರ್ರಿ. ಮೂರು ಇಂಚು!"

"ಮೂರಿಂಚಿನ್ಯಾಗ ನಾ ಹಿಡೀತೇನೇನ್ರಿ?"

ತಂಗಿ ಸಾಯುತ್ತಿರುವಾಗಲೂ ಮುದುಕಿಗೆ ಎಂಥ ಹಾಸ್ಯಪ್ರಜ್ಞೆ ಎಂದುಕೊಂಡು ನಕ್ಕೆ. ಹಾಸ್ಯ ಬರೆಯುವವನಿಗೆ ಎಲ್ಲ ಮಾತೂ ಹಾಸ್ಯವಾಗಿಯೇ ಕೇಳುತ್ತದೆ. ಶಾಪ!

ಗಾರ್ಗಿಯನ್ನು ಹತ್ತಿಸಿಕೊಂಡು ಔರಾದ ಮುಟ್ಟಿದಾಗ ಎಂಟಕ್ಕೆ ಐದು ನಿಮಿಷ. ಓಣಿಯ ತುಂಬ ಜನ! ನನ್ನ ಟೈರಿನ ಕೀರ್ತಿ ಇಷ್ಟು ಬೇಗ ಇಲ್ಲಿಗೆ ಬಂತೇ ಎಂದು ಎದೆಯುಬ್ಬಿತು. ಅತ್ತೆ ಕಟ್ಟೆಯ ಮೇಲೆ ಸಿದ್ಧವಾಗಿ ಕೂತಿದ್ದರು. ಮಡಿಲಲ್ಲಿ ಒಂದು ತಾಮ್ರದ ಚಂಬು, ಅದರ ಬಾಯಿಗೆ ಬಿಳಿ ಬಟ್ಟೆ ಕಟ್ಟಿತ್ತು. ಎಂದೋ ಪಂಢರಪುರದಿಂದ ತಂದಿಟ್ಟ ನೀರು. ಅಷ್ಟರಲ್ಲಿ ಬಸ್ಸು ಬಂದು ನಿಂತಿತು. ಕಂಡಕ್ಟರ್ ಇಳಿದು ಬಂದ.

"ಬರ್ರಿ ಆಯಿ, ಕೈ ಕೊಡ್ರಿ."

"ಇವತ್ತ ಬ್ಯಾಡೋ ಯಪ್ಪಾ," ಎಂದರು ಅತ್ತೆ, ಓಣಿಗೆಲ್ಲ ಕೇಳುವಂತೆ. "ನಮ್ಮ ಅಳಿಯಂದ್ರು ಲಿಫ್ಟ್ ಇದ್ದ ಗಾಡಿ ತಂದಾರ!"

ನಾನೇ ಕೈ ಬೀಸಿ ಬಸ್ಸನ್ನು ಕಳಿಸಿದೆ. ಈ ಕೈ. ಇದೇ ಕೈಯಿಂದ ಈಗ ಬರೆಯುತ್ತಿದ್ದೇನೆ.

ಅತ್ತೆ ಕೋಲೂರಿ ಗಾಡಿಯ ಹತ್ತಿರ ಬಂದು ನಿಂತರು. ನಿಂತೇ ಇದ್ದರು. ಅಳಿಯನೆದುರು ಸೆರಗು ಮುಂದೆ ಎಳೆದುಕೊಳ್ಳುವುದು, ಮಾತನ್ನು ಮಗಳ ಮುಖಾಂತರ ಆಡುವುದು ನಮ್ಮ ಮನೆತನದ ರೂಢಿ. ಫೋನಿಗೆ ಮಾತ್ರ ಸೆರಗಿನ ಅಡ್ಡಿಯಿಲ್ಲ.

"ಗಾರ್ಗಿ, ಬಟನ್ ಎಲ್ಲದಂತ ಕೇಳವಾ."

"ಯಾವ ಬಟನ್ ಅವ್ವಾ?"

"ಲಿಫ್ಟಿಂದು. ಬೀದರ ದವಾಖಾನ್ಯಾಗ ಕಾಲು ತೋರಿಸ್ಲಿಕ್ಕ ಹೋದಾಗ ಇತ್ತಲ್ಲ, ಒತ್ತಿದ್ರ ಮ್ಯಾಲ ಒಯ್ತಿತ್ತು."

ಇಡೀ ಓಣಿ ಬಗ್ಗಿ ಗಾಡಿಯ ಹೊಟ್ಟೆಯ ಕೆಳಗೆ ಲಿಫ್ಟ್ ಹುಡುಕಿತು! ನಾನು ಹಲ್ಲು ಕಚ್ಚಿ ವಿವರಿಸಿದೆ. ಲಿಫ್ಟ್ ಎಂದರೆ ಹಾಗಲ್ಲ, ಗಾಡಿಯೇ ಎತ್ತರವಾಗಿದೆ ಎಂದು. ಅತ್ತೆ ಸೆರಗಿನೊಳಗಿಂದ ಗಾಡಿಯ ಬಾಗಿಲನ್ನು ನೋಡಿದರು, ತಮ್ಮ ಮೊಣಕಾಲು ನೋಡಿಕೊಂಡರು.

"ಅಂದ್ರ ನನಗ ಹತ್ತಲಿಕ್ಕ ಬರ್ಲಿ ಅಂತ ಅಲ್ಲೇನವಾ ಮಾಡ್ಸಿದ್ದು?"

ಗಾರ್ಗಿ ನನ್ನ ಮುಖ ನೋಡಿದಳು. ನಾನು ಟೈರಿನ ಮುಖ ನೋಡಿದೆ.

ಇನ್ನು ಆರೋಹಣ ಪರ್ವ! ಗಟ್ಟಿಮುಟ್ಟಾದ ನಾನು ಎತ್ತಿ ಕೂರಿಸಬಹುದಿತ್ತು. ಆದರೆ ಅಳಿಯ ಅತ್ತೆಯನ್ನು ಮುಟ್ಟುವಂತಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಅವರು ನನಗೆ ಚಹಾದ ಕಪ್ಪನ್ನೂ ಕೈಗೆ ಕೊಟ್ಟವರಲ್ಲ, ಮುಂದಿಟ್ಟು ಸರಿಯುವವರು. ಓಣಿಯ ಗಂಡಸರೂ ಅಳಿಯನೇ ಸುಮ್ಮನಿರುವಾಗ ನಮಗೇಕೆ ಎಂದು ದೂರ ನಿಂತರು. ಗಾರ್ಗಿಗೆ ಒಬ್ಬಳಿಗೇ ಆಗದು. ಕಿರಾಣಿ ಅಂಗಡಿಯ ಸ್ಟೂಲು ತಂದೆವು. ಮಳೆಯಲ್ಲಿ ನೆಂದ ನೆಲ, ಸ್ಟೂಲಿನ ಕಾಲು ಗೇಣುದ್ದ ಇಳಿಯಿತು. ಎಣ್ಣೆಯ ಡಬ್ಬ ತಂದೆವು. ಡಬ್ಬ ಚಪ್ಪಟೆಯಾಯಿತು. ಕೊನೆಗೆ ಒಂದು ಹೊರಸು ಬಂತು, ಅದರ ಮೇಲೆ ಸ್ಟೂಲು ಬಂತು, ನಾಲ್ವರು ಹೆಂಗಸರು ಹಿಂದಿನಿಂದ ನೂಕಿದರು, ಒಳಗಿಂದ ಗಾರ್ಗಿ ಎಳೆದಳು. ಅತ್ತೆ ಒಮ್ಮೆಯೂ ನರಳಲಿಲ್ಲ. ಚಂಬಿನ ನೀರು ಚೆಲ್ಲದಂತೆ ಒಂದು ಕೈ ಮೇಲೆತ್ತಿಯೇ ಇದ್ದರು. ಅವರು ಸೀಟು ಮುಟ್ಟಿದಾಗ ಎಂಟೂ ಮುಕ್ಕಾಲು!

"ಹೊತ್ತು ಹೋತ್ರೀ..." ಎಂದಳು ಗಾರ್ಗಿ.

"ಈ ಟೈರಿಗೆ ಹೊತ್ತು ಹಿಡಿಯೋದೇನು ದೊಡ್ಡದು!" ಎಂದು ಸ್ಟೇರಿಂಗ್ ತಿರುವಿದೆ. ಇಕ್ಕಟ್ಟಿನ ಓಣಿ. ಪೂರ್ತಿ ತಿರುವಬೇಕಾಯಿತು. ಎಡಗಡೆಯಿಂದ ಗರ್‌ರ್ ಎಂದಿತು. ಹಿಂದೆ ತೆಗೆದು ಮತ್ತೆ ತಿರುವಿದೆ. ಗರ್‌ರ್. ಪ್ರತಿ ತಿರುವಿಗೂ ಅದೇ ರಾಗ. ರೇಡಿಯೋ ಹಚ್ಚಿದೆ. ಸರ್ಕಾರಕ್ಕೆ ಕಿವಿ ಕೇಳಿಸುವುದಿಲ್ಲ ಎಂದು ಬರೆದವನು ನಾನೇ!

ಠಾಣಾಕುಶನೂರ ದಾಟಿ ಸ್ವಲ್ಪ ದೂರಕ್ಕೆ ತಗಡಿನ ಅಂಚು ತನ್ನ ಕೆಲಸ ಮುಗಿಸಿತು. ಟೈರಿನ ಪಕ್ಕೆ ಕೊಯ್ದುಕೊಂಡು ಢಮ್ಮೆಂದಿತು. ಗಾಡಿ ಸೋಯಾ ಹೊಲದ ಬದಿಗೆ ವಾಲಿ ನಿಂತಿತು. ಇಳಿದು ಜ್ಯಾಕ್ ಹಚ್ಚಿದೆ. ಅದು ಪೂರ್ತಿ ಮೈ ಚಾಚಿದರೂ ಗಾಡಿಗೆ ನಾಲ್ಕು ಬೆರಳು ಕಡಿಮೆ! ಕಲ್ಲು ಹುಡುಕಿದೆ. ಕೆಸರಲ್ಲಿ ಕಲ್ಲು ಇಳಿಯಿತು, ಕಲ್ಲಿನ ಮೇಲಿನ ಜ್ಯಾಕ್ ಇಳಿಯಿತು, ಜ್ಯಾಕಿನ ಪಕ್ಕದ ನಾನು ಇಳಿದೆ. ಮಕರಂದನ ಫೋನು ಬಂತು. ಗಾರ್ಗಿ "ಬಂದ್ವಿ, ಬಂದ್ವಿ" ಎಂದಳು. ಮೇಲೆ ಕಿಟಕಿಯಲ್ಲಿ ಅತ್ತೆಯ ಸೆರಗು, ಸೆರಗಿನ ಕೆಳಗೆ ಚಂಬು ಹಿಡಿದ ಎರಡು ಕೈ. ಕೆಳಗಿಳಿಯಲೂ ಆಗದೆ, ಮುಂದೆ ಹೋಗಲೂ ಆಗದೆ ಕೂತಿದ್ದರು.

ಆಗ ಬಂತು ಟಂಟಂ! ಮೂರು ಗಾಲಿಯ, ಹನ್ನೆರಡು ಜನರ, ಒಂದು ಕಣ್ಣಿನ ದೀಪದ ಟಂಟಂ. ಡ್ರೈವರ್ ಖಾಸಿಂ ಅಲಿ ಯಾರೂ ಕೇಳದೆಯೇ ನಿಲ್ಲಿಸಿದ. ವಿಷಯ ತಿಳಿದದ್ದೇ ಹಿಂದಿನ ಸೀಟು ಖಾಲಿ ಮಾಡಿಸಿ, ಗಾಡಿಯ ಬಾಗಿಲಿಗೆ ತನ್ನ ಟಂಟಂ ಒತ್ತಿ ನಿಲ್ಲಿಸಿದ.

"ಅಮ್ಮಾ, ನಾ ನಿಮ್ಮ ಮಗಾ ಇದ್ದಂಗ. ಶರಂ ಬ್ಯಾಡ್ರಿ" ಎಂದವನೇ, ಇಪ್ಪತ್ತೆರಡು ವರ್ಷ ನಾನು ಮುಟ್ಟದ ನನ್ನ ಅತ್ತೆಯನ್ನು ಹೂವಿನ ಬುಟ್ಟಿಯಂತೆ ಎತ್ತಿ ಕೆಳಗಿಳಿಸಿ ಕೂರಿಸಿದ. ಅತ್ತೆಯೂ ಇಲ್ಲವೆನ್ನಲಿಲ್ಲ. ಹೋಗುವ ಮೊದಲು ನನ್ನ ಮುಖವನ್ನೊಮ್ಮೆ ದಿಟ್ಟಿಸಿದ.

"ನೀವು ಪೇಪರ್‌ನಾಗ ಬರಿಯೋರಲ್ಲೇನ್ರಿ? ಈ ರೋಡ್ ಬಗ್ಗೆ?"

"ಹೌದು."

"ಬರೀರಿ ಸಾಬ್. ನಮ್ಮ ಸ್ಟ್ಯಾಂಡಿನ್ಯಾಗ ಓದ್ತೇವಿ. ಈ ವಾರ ಮಳಿ ಬಗ್ಗೆ ಬರ್ದೀರಿ." ಟೈರು ನೋಡಿದ. "ಹಾಂ, ಈಗ ನಿಮಗ ತಗ್ಗು ಕಾಣಂಗಿಲ್ಲ ಬಿಡ್ರಿ."

ಗಾರ್ಗಿಯೂ ಟಂಟಂ ಹತ್ತಿದಳು. ನಾನು ನನ್ನ ಎತ್ತರದ ಗಾಡಿಗೆ ಕಾವಲುಗಾರನಾಗಿ ಉಳಿದೆ.

ಹೊಲದಲ್ಲಿ ಕಳೆ ತೆಗೆಯುತ್ತಿದ್ದವರು ಮರದ ತೊಲೆ ತಂದು ಗಾಡಿ ಎತ್ತಿಕೊಟ್ಟ ಮೇಲೆ, ಆ ಸಣ್ಣ ಸ್ಟೆಪ್ನಿ ಸಿಕ್ಕಿಸಿ, ಒಂದು ಕಾಲು ಕುಂಟುವ ಗಾಡಿಯಲ್ಲಿ ನಾನು ಭಾಲ್ಕಿ ಸೇರಿದಾಗ ಮಧ್ಯಾಹ್ನ ಒಂದಾಗಿತ್ತು. ಮಕರಂದನ ಮನೆಯ ಮುಂದೆ ಬಿದಿರು ಕಡಿಯುತ್ತಿದ್ದರು. ಬಿದಿರು ಯಾಕೆಂದು ಯಾರನ್ನೂ ಕೇಳಬೇಕಾಗಲಿಲ್ಲ.

ಗಾರ್ಗಿ ಹೊರಗೆ ಬಂದಳು. ಬೈಯಲಿಲ್ಲ. ಅದಕ್ಕೇ ಭಯವಾಯಿತು.

"ನಾವು ಬಂದಾಗ ಹತ್ತೂವರಿ. ಶಾಂತಾ ಮೌಶಿ ಹತ್ತಕ್ಕ ಹೋದ್ಳು."

"ಮತ್ತ... ನೀರು?"

"ಅವ್ವ ಆಮ್ಯಾಲ ತುಟಿಗೆ ಹಚ್ಚಿದ್ಳು. ಒಳಗ ಹೋಗಲಿಲ್ರಿ. ಎಂಟರ ಬಸ್ಸು ಒಂಬತ್ತೂವರಿಗೇ ಬಂದಿತ್ತಂತ."

ಅರ್ಧ ತಾಸು. ಅಕ್ಕನ ಕೈನೀರಿಗೆ ಬಾಯಿ ಬಿಗಿಹಿಡಿದು ಆ ಮುದುಕಿ ಅರ್ಧ ತಾಸು ಹೆಚ್ಚೇ ಕಾದಿದ್ದಳು. ಹನ್ನೊಂದು ವರ್ಷ ನಾನು ರಸ್ತೆಯಿಂದ ಸತ್ತವರ ಲೆಕ್ಕ ಬರೆದಿದ್ದೇನೆ. ಆ ದಿನ ರಸ್ತೆಯದೇನೂ ತಪ್ಪಿರಲಿಲ್ಲ. ಬಸ್ಸು ಅದೇ ತಗ್ಗುಗಳ ಮೇಲೆ ಎದ್ದು ಬಿದ್ದು ಹೊತ್ತಿಗೆ ಸರಿಯಾಗಿ ಬಂದಿತ್ತು.

ಮಗ್ಗುಲಲ್ಲಿ ಮಕರಂದ ಬಂದು ನಿಂತ. ಕಣ್ಣು ಕೆಂಪು. ಮಾತು ಸಣ್ಣ.

"ದಾಜಿ, ಒಂದು ಮಾತು. ಸ್ಮಶಾನದ ದಾರಿ ಪೂರಾ ರಾಡಿ ಆಗ್ಯದ್ರಿ. ಕಟ್ಟಿಗಿ ಟ್ರ್ಯಾಕ್ಟರ್ ನಡುವೇ ಸಿಕ್ಕೊಂಡದ. ನಿಮ್ಮ ಗಾಡಿ ಎತ್ತರ ಅದ..."

ಹಿಂದಿನ ಸೀಟು ಮಡಚಿದೆವು. ಬೆಳಿಗ್ಗೆ ಒಬ್ಬ ಅಕ್ಕ ಚಂಬು ಹಿಡಿದು ಕೂತಿದ್ದ ಜಾಗದಲ್ಲಿ ತಂಗಿಯ ಕಟ್ಟಿಗೆ ತುಂಬಿದೆವು. ಏನು ಹೇಳಲಿ! ಕುಂಟುಗಾಲಲ್ಲೂ ಗಾಡಿ ಆ ಮೊಣಕಾಲುದ್ದದ ಎರೆಮಣ್ಣಿನ ರಾಡಿಯನ್ನು ಬೆಣ್ಣೆಯಂತೆ ಸೀಳಿತು. ಟ್ರ್ಯಾಕ್ಟರಿನವನು ಬಾಯಿ ಬಿಟ್ಟು ನೋಡಿದ. ಮೂರು ಖೇಪು ಹೊಡೆದೆ. ಸ್ಮಶಾನದಲ್ಲಿ ನಿಂತವರೆಲ್ಲ ಟೈರು ಮುಟ್ಟಿ ಮುಟ್ಟಿ ನೋಡಿದರು. ನನ್ನ ಜೀವನದಲ್ಲಿ ನನಗೆ ಅಷ್ಟು ಹೊಗಳಿಕೆ ಎಂದೂ ಸಿಕ್ಕಿರಲಿಲ್ಲ. ಅಷ್ಟು ನಾಚಿಕೆಯೂ.

ಬೆಂಕಿ ಹಿಡಿದ ಮೇಲೆ ಆ ಓಣಿಯ ಹಿರಿಯರೊಬ್ಬರು, ರಾಜರತ್ನ ಎಂದು ಅವರ ಹೆಸರು, ಮೆಲ್ಲಗೆ ನನ್ನ ಹತ್ತಿರ ಬಂದರು.

"ತಮ್ಮ ನಂಬರ್ ಕೊಡ್ರಲ್ಲ. ನಮ್ಮ ಓಣ್ಯಾಗ ಇನ್ನೊಬ್ರು ಭಾಳ ಸೀರಿಯಸ್ ಅದಾರ್ರಿ."

"ಯಜಮಾನ್ರ, ಕೈ ಮುಗೀತೇನಿ. ಸೀರಿಯಸ್ ಇದ್ದವ್ರಿಗೆ ನನ್ನ ಕರೀಬ್ಯಾಡ್ರಿ. ಬಸ್ಸಿನ್ಯಾಗ ಒಯ್ರಿ, ಟಂಟಂದಾಗ ಒಯ್ರಿ. ನನ್ನ ಗಾಡಿ ನಂಬಿದ್ರ..."

"ಛೇ ಛೇ," ಎಂದರು ಅವರು, ನನ್ನ ಹೆಗಲು ತಟ್ಟುತ್ತ. "ಈಗ ಯಾಕ ಕರೀತೇವ್ರಿ? ಜೀವ ಇದ್ದೋರು ನಿಮ್ಮ ಗಾಡಿ ಹ್ಯಾಂಗ ಹತ್ತತಾರ? ಮುಗದ ಮ್ಯಾಲ ಕರೀತೇವ್ರಿ!"