ಅರ್ಧ ಮಾತ್ರ ಖಾಲಿ ಮಾಡಿ ಬರಲು ಅಪ್ಪಣೆಯಿತ್ತ ಸ್ಕ್ಯಾನಿಂಗ್ ಯಂತ್ರಕ್ಕೆ

ಮಬ್ಬುಗತ್ತಲ ತಂಪು ಕೋಣೆಯಲ್ಲಿ ಸುಖಾಸೀನರಾಗಿರುವ ಮಾನ್ಯ ಸ್ಕ್ಯಾನಿಂಗ್ ಯಂತ್ರ ಮಹಾಶಯರೇ,

ಹೊಟ್ಟೆ ಬಿರಿಯುವಷ್ಟು ನೀರು ಕುಡಿದವಳ ತುಂಬುಹೃದಯದ ನಮಸ್ಕಾರಗಳು. ನಾನು ಇಪ್ಪತ್ತೆರಡು ವರ್ಷಗಳಿಂದ ಸಿಟಿ ಬಸ್ಸಿನ ಕಂಡಕ್ಟರ್. ತಿಂಗಳಿಂದ ಬಿಡದ ಕಿಬ್ಬೊಟ್ಟೆ ನೋವಿಗಾಗಿ ನನ್ನನ್ನು ತಮ್ಮ ಸನ್ನಿಧಿಗೆ ಕಳಿಸಲಾಯಿತು. ನನ್ನ ಅಕ್ಕನನ್ನು ಕೊಂಡೊಯ್ದ ಕಾಯಿಲೆಯೂ ಇಂಥದೇ ನೋವಿನಿಂದ ಶುರುವಾಗಿತ್ತಾದ್ದರಿಂದ ನಾನು ಹೆದರಿದ್ದೆನೆಂಬ ಸಣ್ಣ ವಿಷಯ ತಮ್ಮ ಗಮನಕ್ಕೆ ಬಂದಿರಲಾರದು.

ಒಂದು ಗಂಟೆ ಮೊದಲು ಒಂದು ಲೀಟರ್ ನೀರು ಕುಡಿದು, ಮೂತ್ರ ಮಾಡದೆ ಬರತಕ್ಕದ್ದು ಎಂದು ತಮ್ಮ ಚೀಟಿ ಹೇಳಿತ್ತು. ನನಗೆ ನಗು ಬಂತು. ಗುಂಡಿ ಬಿದ್ದ ರಸ್ತೆಯಲ್ಲಿ, ನಿಂತ ಕಾಲಲ್ಲೇ, ಆರಾರು ಗಂಟೆ ತಡೆದುಕೊಂಡು ಟಿಕೆಟ್ ಹರಿದವಳು ನಾನು. ನೀರು ಹೆಚ್ಚಾದಷ್ಟೂ ಚಿತ್ರ ಚೆನ್ನಾಗಿ ಬಂದೀತೆಂದು ನಂಬಿ ಎರಡೂವರೆ ಲೀಟರ್ ಇಳಿಸಿಯೇಬಿಟ್ಟೆ. ಹತ್ತಕ್ಕೆ ಬರಬೇಕಾದ ಡಾಕ್ಟರಮ್ಮ ಹನ್ನೊಂದೂವರೆಗೆ ಬಂದರು.

ಅಷ್ಟರಲ್ಲಿ ಬೆಂಚಿನ ಮೇಲೆ ನಾನು ಉಸಿರಾಡುವುದನ್ನೂ ಅಳತೆಯಲ್ಲಿ ಇಟ್ಟುಕೊಂಡಿದ್ದೆ. ಡಾಕ್ಟರಮ್ಮ ತಣ್ಣನೆಯ ಜೆಲ್ ಬಳಿದು, ತಮ್ಮ ಹಿಡಿಕೆಯಿಂದ ಎಲ್ಲಿ ಒತ್ತಬಾರದೋ ಅಲ್ಲೇ ಒತ್ತಿ, "ತುಂಬಾ ತುಂಬ್ಕೊಂಡಿದೆ, ಅರ್ಧ ಮಾತ್ರ ಖಾಲಿ ಮಾಡಿ ಬನ್ನಿ" ಎಂದರು.

ಅರ್ಧ! ಮಹಾಶಯರೇ, ಕೊನೆಯ ನಿಲ್ದಾಣದಲ್ಲಿ ಬಾಗಿಲು ತೆರೆದಮೇಲೆ ಅರ್ಧ ಜನ ಮಾತ್ರ ಇಳಿಯಿರಿ ಎಂದರೆ ಯಾರು ಕೇಳುತ್ತಾರೆ? ಎಲ್ಲರೂ ಇಳಿದುಹೋದರು. ಮೂತ್ರಕೋಶ ಖಾಲಿಯಿದ್ದರೆ ತಮಗೇನೂ ಕಾಣದೆಂದು ಮತ್ತೆ ನೀರು ಕುಡಿಸಿ, ಮತ್ತೆ ಅದೇ ಬೆಂಚಿಗೆ ಕಳಿಸಿದಿರಿ. ತಮ್ಮನ್ನು ತಯಾರಿಸಿದವರು ನನ್ನನ್ನು ತಯಾರಿಸಿದವನೊಂದಿಗೆ ಒಮ್ಮೆ ಕೂತು ಮಾತಾಡಿ, ಮುಂದಿನ ಮಾದರಿಯ ಹೆಂಗಸರಿಗೆ ಹೊಕ್ಕುಳ ಕೆಳಗೊಂದು ನಲ್ಲಿಯನ್ನೂ, ಎಷ್ಟು ತುಂಬಿದೆಯೆಂದು ತೋರಿಸುವ ಗಾಜಿನ ಕೊಳವೆಯನ್ನೂ ಕೂರಿಸುವಂತೆ ಏರ್ಪಾಡು ಮಾಡಬೇಕಾಗಿ ವಿನಂತಿ.

ಎರಡನೇ ಸಲ ಮಲಗಿದಾಗ ನಾನು ಪರದೆಯತ್ತ ನೋಡಲಿಲ್ಲ. ಅಕ್ಕನ ಮುಖವೇ ಕಣ್ಣೆದುರಿಗಿತ್ತು. ಡಾಕ್ಟರಮ್ಮ ಹಿಡಿಕೆಯನ್ನು ಅತ್ತಿತ್ತ ಸರಿಸಿ ನೋಡಿ, "ಸಣ್ಣ ನೀರುಗುಳ್ಳೆ ಅಷ್ಟೇ, ತಾನಾಗೇ ಹೋಗುತ್ತೆ, ಹೆದರ್ಬೇಡಿ" ಎಂದರು. ಇಷ್ಟೆಲ್ಲ ನೀರು ಕುಡಿಸಿ ತಾವು ಹುಡುಕಿ ತೆಗೆದದ್ದೂ ನೀರನ್ನೇ! ತಡೆಯುವುದರಲ್ಲಿ ಹೆಸರುವಾಸಿಯಾದ ನಾನು ಅಲ್ಲೇ ಅತ್ತುಬಿಟ್ಟೆ. ಆ ಅಳುವಿಗೆ ಮಾತ್ರ ತಮಗೆ ಋಣಿ.

ಇತಿ, ಸದ್ಯಕ್ಕೆ ಖಾಲಿಯಾಗಿರುವ
ತಮ್ಮ ವಿಶ್ವಾಸಿ,
ಕಂಡಕ್ಟರ್

ತಾ.ಕ.: ವರದಿಯಲ್ಲಿ ತಾವು 'ಮೂತ್ರಕೋಶ ಸಮರ್ಪಕವಾಗಿ ತುಂಬಿದೆ' ಎಂದು ದಾಖಲಿಸಿದ್ದೀರಿ. ನನ್ನ ಇಡೀ ಸೇವಾವಧಿಯಲ್ಲಿ ಯಾರಾದರೂ ಬರವಣಿಗೆಯಲ್ಲಿ ಕೊಟ್ಟ ಮೊದಲ ಮೆಚ್ಚುಗೆ ಇದು. ಅದಕ್ಕೆ ಚೌಕಟ್ಟು ಹಾಕಿಸಿ, ನಮ್ಮ ಡಿಪೋದಲ್ಲಿ ವರ್ಷಗಳಿಂದ ಬೀಗ ಜಡಿದಿರುವ ಮಹಿಳಾ ಶೌಚಾಲಯದ ಬಾಗಿಲಿಗೆ ತೂಗುಹಾಕಿದ್ದೇನೆ.