ಎರಡು ದಿನದ ಉಪವಾಸ

"ಎರಡು ದಿನ ಉಪವಾಸ ಬಿದ್ರ ಎದಿ ಗಟ್ಟಿ ಆಗೂದಿದ್ರ, ದವಾಖಾನಿ ಯಾಕ ಬೇಕಿತ್ತು?" ರಾಣೆಬೆನ್ನೂರಿನ ದವಾಖಾನೆಯ ಬೆಂಚಿನ ಮೇಲೆ ಗದಿಗೆವ್ವ ಗಂಡನನ್ನು ಕೇಳಿದಳು.

ಭರಮಣ್ಣ ಚೀಟಿಯನ್ನು ಅವಳ ಮೂಗಿನ ಮುಂದೆ ಹಿಡಿದ. ಬೆಳಗಿನ ಸಕ್ಕರೆ ನೂರಾ ನಾಲ್ಕು.

"ನೋಡು, ಸಕ್ಕರಿ ಇಳದೈತಿ. ಎದಿಗೆ ಗುಳಿಗಿ ನುಂಗಾಕತ್ತೇನಿ. ಅದು ಬ್ಯಾರೆ, ಇದು ಬ್ಯಾರೆ. ಎರಡಕ್ಕೂ ಯಾಕ ಗಂಟು ಹಾಕ್ತಿ?"

ಅವನ ಹೃದಯ ಸೋತು ವರ್ಷವಾಗಿತ್ತು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು, ಸಂಜೆಗೆ ಪಾದ ಬಾವು. ಇವನು ಕೈಬಿಟ್ಟು ಹೋದಾನೆಂಬ ಭಯವೊಂದೇ ಗದಿಗೆವ್ವನಿಗೆ.

ಡಾಕ್ಟರ್ ಅಫ್ರೀನ್ ಒಳಗೆ ಕರೆದರು. ಅವರ ಕೈಯಲ್ಲಿ ಇನ್ನೊಂದು ಚೀಟಿಯಿತ್ತು. ಎರಡು ದಿನದ ಉಪವಾಸಕ್ಕೆ ಬಗ್ಗದೆ, ಹಿಂದಿನ ಮೂರು ತಿಂಗಳು ಸಕ್ಕರೆ ಹೇಗಿತ್ತೆಂದು ಹೇಳುವ ರಕ್ತಪರೀಕ್ಷೆ ಅದು. ಆರೂವರೆ ಮುಟ್ಟಿದರೇ ಸಕ್ಕರೆ ಕಾಯಿಲೆ; ಇವನದು ಒಂಬತ್ತೂವರೆ ಬಂದಿತ್ತು.

"ಇದು ಮೋಸರಿ," ಎಂದ ಭರಮಣ್ಣ.

"ನೀವು ಮಾಡಿದ್ದನ್ನ ಅವರು ಮಾಡ್ಯಾರ," ಎಂದಳು ಗದಿಗೆವ್ವ. "ಬ್ಯಾಡಗಿ ಪ್ಯಾಟ್ಯಾಗ ನಲವತ್ತು ವರ್ಷ ಮೆಣಸಿನಕಾಯಿ ಚೀಲದ ತಳಕ್ಕ ಕೈ ಹಾಕಿ, ಮ್ಯಾಲ ಕೆಂಪು, ಒಳಗ ಬಿಳಿಗಾಯಿ ಅಂತ ಎಷ್ಟು ರೈತರ ಮುಖ ಸಣ್ಣ ಮಾಡೀರಿ? ಇವತ್ತು ನಿಮ್ಮ ಚೀಲಕ್ಕ ಕೈ ಬಿದ್ದೈತಿ."

ಭರಮಣ್ಣ ತನ್ನ ಚೀಟಿ ಮಡಚಿ ಜೇಬಿಗಿಟ್ಟ. ಸೋತ ಹೃದಯದ ಜೊತೆ ಸಕ್ಕರೆ ಕಾಯಿಲೆಯೂ ಇರುವವರು, ಅದಿಲ್ಲದವರಷ್ಟು ವರ್ಷ ಬಾಳುವುದು ಸಾಮಾನ್ಯವಾಗಿ ಕಡಿಮೆ ಎಂದು ಡಾಕ್ಟರು ಮೆಲ್ಲಗೆ ತಿಳಿಸಿದರು. ಎರಡನ್ನೂ ಒಟ್ಟಿಗೇ ನೋಡಿಕೊಳ್ಳಬೇಕು, ದಾರಿಯೇನೂ ಮುಚ್ಚಿಲ್ಲ ಎಂದರು. ಗದಿಗೆವ್ವನ ಕೈ ತಾನಾಗಿ ಗಂಡನ ರಟ್ಟೆ ಹಿಡಿಯಿತು.

"ಸಿಹಿ ಎಲ್ಲಿಂದ ಬರ್ತದ, ಖರೇ ಹೇಳ್ರಿ," ಡಾಕ್ಟರು ಕೇಳಿದರು.

"ಇಕಿನ್ನ ಕೇಳ್ರಿ. ಜಗಳಾಡ್ತಾಳ. ಆಮ್ಯಾಲ ಮಾದಲಿ ಮಾಡಿ, ಬೆಲ್ಲ ಕಲಸಿ, ತುಪ್ಪ ಸುರುವಿ ಮುಂದ ಇಡ್ತಾಳ. ಬಾಯಿಬಿಟ್ಟು ತಪ್ಪಾತು ಅನ್ನೂದಿಲ್ಲ. ನಾ ಉಣಲಿಲ್ಲಂದ್ರ ರಾಜಿ ಮುರೀತು."

ಜಗಳ ವಾರಕ್ಕೆಷ್ಟು ಎಂದು ಡಾಕ್ಟರು ವಿಚಾರಿಸಿದರು. ಗದಿಗೆವ್ವ ನೆಲ ನೋಡಿದಳು.

"ಮೊದ್ಲು ಎರಡರಿ. ಎದಿ ಬ್ಯಾನಿ ಬಂದಾಗಿಂದ ಆರು. ಪಥ್ಯ ಮಾಡ್ರಿ ಅಂತನ ಜಗಳಾರಿ."

ಅಫ್ರೀನ್ ನಗು ತಡೆಯಲಾರದೆ ಮುಖ ತಿರುಗಿಸಿದರು. ಗದಿಗೆವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದಳು.

"ಇವತ್ತಿಂದ ಜಗಳ ಅಷ್ಟ, ರಾಜಿ ಇಲ್ಲ. ನಡೀರಿ, ನೂರು ವರ್ಷ ಬಾಳ್ರಿ."

ಭರಮಣ್ಣ ಬಾಗಿಲಲ್ಲಿ ನಿಂತು, ದನಿ ತಗ್ಗಿಸಿ ಡಾಕ್ಟರಿಗೆ ಹೇಳಿದ:

"ನನ್ನ ಗುಳಿಗಿ ನಾ ತಪ್ಪಸಂಗಿಲ್ರಿ. ಇಕಿಗೆ 'ತಪ್ಪಾತು' ಅನ್ನಾಕ ಬರೂ ಹಂಗ ಒಂದು ಗುಳಿಗಿ ಬರದು ಕೊಡ್ರಿ."