ತಂತಿ ಬಾಯಿಗೆ ಕಲ್ಲುಸಕ್ಕರೆ

ಈ ಭೂಮಿಯ ಮೇಲೆ ಇನ್ನೆಷ್ಟು ವರ್ಷ ಇರುತ್ತೇನೋ ಗೊತ್ತಿಲ್ಲ, ಆದರೆ ಇದ್ದಷ್ಟು ದಿನ ಈ ದವಡೆಯ ಜೊತೆ ಮಾತ್ರ ಇರುವುದಿಲ್ಲ! ಹೀಗೆಂದು ಸಿಂಧನೂರು ಬಸ್ ನಿಲ್ದಾಣದ ಕಂಟ್ರೋಲರ್ ಆದ ನಾನು, ಲಕ್ಷ್ಮಣ, ವಯಸ್ಸು ಮೂವತ್ತೊಂಬತ್ತು, ಬಚ್ಚಲಿನ ಕನ್ನಡಿಯ ಮುಂದೆ ಬಾಯಿ ತುಂಬ ಪೇಸ್ಟಿನ ನೊರೆ ಇಟ್ಟುಕೊಂಡು ಘೋರ ಪ್ರತಿಜ್ಞೆ ಮಾಡಿದೆ.

ನನ್ನ ಕೆಳದವಡೆ ಹುಟ್ಟಿನಿಂದಲೂ ನನಗಿಂತ ಒಂದು ಹೆಜ್ಜೆ ಮುಂದೆ. ನಾನು ಹತ್ತು ಗಂಟೆಗೆ ಡ್ಯೂಟಿಗೆ ಬಂದರೆ ಅದು ಎರಡು ನಿಮಿಷ ಮೊದಲೇ ಬಂದು ಹಾಜರಿ ಹಾಕಿರುತ್ತದೆ. ಮಳೆ ಶುರುವಾದದ್ದು ಬೇರೆಯವರಿಗೆ ತಲೆಯ ಮೇಲೆ ಗೊತ್ತಾದರೆ ನನಗೆ ಗೊತ್ತಾಗುವುದು ಗದ್ದದ ಮೇಲೆ!

"ಮೂವತ್ತೊಂಬತ್ತು ವರ್ಷ ಸುಮ್ನ ಇದ್ದ ದವಡಿ ಈಗೇನ್ ಮಾಡೇತ್ರಿ ನಿಮಗ?" ಎಂದಳು ನನ್ನ ಹೆಂಡತಿ ಅನುಪಮಾ. ಪ್ರಾಥಮಿಕ ಶಾಲೆಯ ಟೀಚರು. ಮನೆಯಲ್ಲೂ ಬೆಲ್ ಹೊಡೆದ ಮೇಲೆಯೇ ಮಾತಾಡಲು ಬಿಡುವಾಕೆ.

ಅಸಲಿಗೆ ತಂತಿ ನನಗೆ ಹೊಸದಲ್ಲ. ಹದಿನೇಳನೇ ವಯಸ್ಸಿನಲ್ಲಿ ಅಪ್ಪ ರಾಯಚೂರಿಗೆ ಕರೆದುಕೊಂಡು ಹೋಗಿ ಹಲ್ಲಿಗೆ ತಂತಿ ಹಾಕಿಸಿದ್ದ. ಎರಡು ವರ್ಷ ನಕ್ಕರೆ ಸಾಕು, ಎದುರಿದ್ದವರು ಕಣ್ಣು ಕಿರಿದು ಮಾಡುತ್ತಿದ್ದರು. ಅಕ್ಕನನ್ನು ಕೊಟ್ಟ ಊರು ಗೊರೇಬಾಳಕ್ಕೆ ಹೋದರೆ, ಭತ್ತದ ಗದ್ದೆಯಲ್ಲಿ ಕಳೆ ಕೀಳುವ ಹೆಂಗಸರೂ ಸೊಂಟ ನೆಟ್ಟಗೆ ಮಾಡಿ "ತಂತಿ ಲಚ್ಚ ಬಂದ ನೋಡ್ರೇ!" ಎನ್ನುತ್ತಿದ್ದರು. ತಂತಿ ಬಿಚ್ಚಿದ ಮೇಲೆ ಹಲ್ಲು ಮತ್ತೆ ಸರಿಯದಂತೆ ಡಾಕ್ಟರು ರಾತ್ರಿ ಬಾಯಿಗೆ ಹಾಕಿಕೊಳ್ಳಲು ಒಂದು ಪ್ಲೇಟು ಕೊಟ್ಟಿದ್ದರು. ನಾನದನ್ನು ಅಂಗಿಯ ಜೇಬಿನಲ್ಲಿಟ್ಟೆ. ಅಂಗಿ ಒಗೆಯಲು ಕಾಲುವೆಗೆ ಹೋಯಿತು. ಅಂಗಿ ತಿರುಗಿ ಬಂತು, ಪ್ಲೇಟು ಬರಲಿಲ್ಲ. ಕಾಲುವೆಯ ಕೊನೆಯ ಭಾಗದ ರೈತರಿಗೆ ಆ ವರ್ಷ ನೀರು ಮುಟ್ಟಿತೋ ಇಲ್ಲವೋ, ನನ್ನ ಪ್ಲೇಟಂತೂ ಮುಟ್ಟಿರಬೇಕು! ಹಲ್ಲುಗಳು ಒಂದೊಂದಾಗಿ ತಮ್ಮ ಹಳೆಯ ಜಾಗಕ್ಕೆ ಮರಳಿ ಕುಳಿತವು.

ಲಿಂಗಸುಗೂರಿನಲ್ಲಿ ಶನಿವಾರಕ್ಕೊಮ್ಮೆ ಬರುವ ಹಲ್ಲಿನ ಡಾಕ್ಟರಮ್ಮ ನನ್ನ ಬಾಯಿಯಲ್ಲಿ ಟಾರ್ಚು ಬಿಟ್ಟು ಬಹಳ ಹೊತ್ತು ನೋಡಿದರು.

"ತಪ್ಪು ಹಲ್ಲಿಂದಲ್ರಿ ಸರ್, ಎಲುಬಿಂದು. ಆಪರೇಶನ್ ಮಾಡಿ ದವಡಿ ಹಿಂದ ಸರಸ್ಬೇಕು. ಅದಕ್ಕೂ ಮೊದಲು ಮತ್ತ ತಂತಿ."

"ತಂತಿ ಹಾಕಿದ್ರ ಆಪರೇಶನ್ನಿಗೆ ಮೊದಲ ಸ್ವಲ್ಪ ಚಂದ ಕಾಣ್ತೀನಲ್ರಿ?" ಎಂದೆ ಆಸೆಯಿಂದ.

"ಇಲ್ರಿ. ಇನ್ನಾ ಕೆಟ್ಟ ಕಾಣ್ತೀರಿ!"

ದವಡೆ ಮುಂದೆ ಹೋಗಿದೆಯೆಂದು ನನ್ನ ಹಲ್ಲುಗಳು ಪಾಪ, ಇಷ್ಟು ವರ್ಷ ಒಳಗೆ ಬಾಗಿ ಹೊಂದಾಣಿಕೆ ಮಾಡಿಕೊಂಡು ಸಂಸಾರ ನಡೆಸಿದ್ದವಂತೆ. ಅವುಗಳನ್ನು ಮೊದಲು ನೆಟ್ಟಗೆ ನಿಲ್ಲಿಸಬೇಕಂತೆ. ಆಗ ದವಡೆಯ ನಿಜರೂಪ ಹೊರಗೆ ಬರುತ್ತದಂತೆ. ಇಷ್ಟು ದಿನ ಬಂದದ್ದು ನಿಜರೂಪವಲ್ಲವೇ!

ಮನೆಗೆ ಬಂದು ಹೇಳಿದರೆ ಅನುಪಮಾ ತಲೆ ಮೇಲೆ ಕೈ ಇಟ್ಟುಕೊಂಡಳು.

"ಮಾರಿ ಕೆಡಿಸ್ಕೊಳ್ಳಾಕ ತಿಂಗಳಾ ತಿಂಗಳಾ ಬಸ್ ಹತ್ತಿ ಲಿಂಗಸುಗೂರಿಗೆ ಹೋಗ್ತೀರ್ಯಾ? ಹೇಳಿದ್ರ ಮನ್ಯಾಗ ನಾನ ಮಾಡಿ ಕೊಡ್ತಿದ್ನೆಲ್ರಿ!"

"ಆಪರೇಶನ್ ಆದಮ್ಯಾಲ ನಾಲ್ಕೈದು ವಾರ ರಬ್ಬರ್ ಹಾಕಿ ಬಾಯಿ ಕಟ್ಟಿರ್ತಾರಂತ," ಎಂದೆ ಕರುಣಾಜನಕವಾಗಿ.

ಆಕೆಯ ಮುಖ ಅರಳಿತು. "ಐದು ವಾರ ಮಾತಾಡಂಗಿಲ್ಲ? ಹಂಗಾದ್ರ ಹಾಕಿಸ್ಕೋರಿ. ನನ್ನದೇನೂ ತಕರಾರಿಲ್ಲ!"

ಅಪ್ಪಣೆ ಸಿಕ್ಕಿತು. ಆದರೆ ಒಂದು ಷರತ್ತು ನನ್ನದು: ಆಪರೇಶನ್ ಮುಗಿದು ನಾನು ಹೊಸ ಮುಖ ಹೊತ್ತು ಬರುವವರೆಗೆ ಈ ಗುಟ್ಟು ನಮ್ಮಿಬ್ಬರಲ್ಲೇ ಇರಬೇಕು. ಗೊರೇಬಾಳದವರ ಕಿವಿಗೆ ಬಿದ್ದರೆ ‘ತಂತಿ ಲಚ್ಚ’ ಇಪ್ಪತ್ತೆರಡು ವರ್ಷದ ನಂತರ ಮತ್ತೆ ಎದ್ದು ಕೂಡುತ್ತಾನೆ! ಅದಕ್ಕೆ ಮೂಗಿನಿಂದ ಗದ್ದದವರೆಗೆ ಮಾಸ್ಕು ಏರಿಸಿದೆ. ಕೇಳಿದವರಿಗೆಲ್ಲ "ಭತ್ತದ ಧೂಳು ಆಗಿಬರಂಗಿಲ್ರಿ" ಎಂದೆ. ಇಷ್ಟೊಂದು ರೈಸ್‌ಮಿಲ್ಲು ಇರುವ ಊರಿನಲ್ಲಿ ಈ ಸುಳ್ಳಿಗೆ ಸಾಕ್ಷಿ ಬೇಕಾಗಲಿಲ್ಲ. ಹದಿನಾಲ್ಕು ತಿಂಗಳು ಹೀಗೇ ಕಳೆದವು. ಡಾಕ್ಟರಮ್ಮ ಕೊಟ್ಟ ಮಾತು ತಪ್ಪಲಿಲ್ಲ. ನಾನು ತಿಂಗಳಿಂದ ತಿಂಗಳಿಗೆ ಕೆಟ್ಟದಾಗಿ ಕಾಣುತ್ತಾ ಹೋದೆ. ಕೊನೆಗೂ ಆಪರೇಶನ್ನಿಗೆ ತಾರೀಖು ಸಿಕ್ಕಿತು. ಬರುವ ತಿಂಗಳೇ!

ಅಷ್ಟರಲ್ಲಿ ಅಕ್ಕ ಅಯ್ಯಮ್ಮನ ಫೋನು ಬಂತು.

"ಲಚ್ಚಾ, ಹುಲಿಗೆಮ್ಮಗ ಹಟ್ಟಿಯಿಂದ ಒಂದ್ ಸಂಬಂಧ ಬಂದೈತಿ. ಹುಡುಗ ಚಿನ್ನದ ಗಣ್ಯಾಗ ಕೆಲಸ ಮಾಡ್ತಾನ. ಶನಿವಾರ ಮಸ್ಕ್ಯಾಗ ಅವರ ಅಜ್ಜಿ ಮನ್ಯಾಗ ಮಾತುಕತಿ. ಸ್ವಾದರಮಾವ ನೀ ಇಲ್ದ ನಡಿಯಂಗಿಲ್ಲಪಾ."

ನಮ್ಮ ಮಂದಿಯಲ್ಲಿ ಒಂದು ಪದ್ಧತಿ ಇದೆ. ಅಕ್ಕನ ಮಗಳ ಮೇಲೆ ಮೊದಲ ಹಕ್ಕು ಸೋದರಮಾವನದು ಎಂದು ಹಿಂದಿನವರು ನಂಬಿದ್ದರು. ಹೀಗಾಗಿ ಹುಡುಗಿಯನ್ನು ಹೊರಗೆ ಕೊಡುವಾಗ ಎಲ್ಲರಿಗಿಂತ ಮೊದಲು ಸೋದರಮಾವ ಗಂಡಿನವರು ಕೊಟ್ಟ ಕಲ್ಲುಸಕ್ಕರೆ ಬಾಯಿಗೆ ಹಾಕಿಕೊಳ್ಳಬೇಕು. ಹಾಕಿಕೊಂಡರೆ ‘ನನ್ನ ಹಕ್ಕು ಬಿಟ್ಟೆ, ಒಪ್ಪಿಗೆ’ ಎಂದರ್ಥ. ಮುಟ್ಟದಿದ್ದರೆ ಸಂಬಂಧ ಅಲ್ಲಿಗೇ ಮುರಿದಂತೆ.

ಅಕ್ಕನ ಕೈಯಿಂದ ಫೋನು ಕಸಿದುಕೊಂಡು ಹುಲಿಗೆಮ್ಮ ಪಿಸುಗುಟ್ಟಿದಳು: "ಮಾಮಾ, ತಪ್ಪಸಬ್ಯಾಡ. ನನಗ ಈ ಹುಡುಗನ ಬೇಕು."

ಹುಲಿಗೆಮ್ಮ ಈಗ ಆಸ್ಪತ್ರೆಯಲ್ಲಿ ನರ್ಸು. ನನ್ನ ಹೆಗಲ ಮೇಲೆ ಬೆಳೆದ ಹುಡುಗಿ. ಗೊರೇಬಾಳ ಇಡೀ ನನ್ನನ್ನು ತಂತಿ ಲಚ್ಚ ಎಂದು ಕರೆಯುತ್ತಿದ್ದಾಗ ಹಾಗೆ ಕರೆಯದಿದ್ದ ಒಂದೇ ಒಂದು ಜೀವ ಅದು, ಏಕೆಂದರೆ ಆಗಿನ್ನೂ ಅದಕ್ಕೆ ಮಾತು ಬಂದಿರಲಿಲ್ಲ! ಅವಳೆಂದರೆ ನನಗೆ ಪ್ರಾಣ. "ನಾ ಇರ್ತೀನಿ ಬಿಡವ್ವಾ, ಎದಕ್ಕ ಚಿಂತಿ ಮಾಡ್ತಿ!" ಎಂದು ಎದೆ ತಟ್ಟಿಕೊಂಡೆ.

ಶನಿವಾರ ಮುಂಜಾನೆ ಮೊದಲು ಲಿಂಗಸುಗೂರಿಗೆ ಹೋದೆ. ಡಾಕ್ಟರಮ್ಮ ತಂತಿ ಬಿಗಿ ಮಾಡಿ, ಮೇಲಿನ ಹಲ್ಲಿನಿಂದ ಕೆಳಗಿನ ಹಲ್ಲಿಗೆ ಎರಡು ಪುಟ್ಟ ರಬ್ಬರು ಎಳೆದು ಸಿಕ್ಕಿಸಿದರು. ಬಾಯಿ ಬೀಗ ಹಾಕಿದಂತಾಯಿತು.

"ಉಣ್ಣಾಗಷ್ಟ ರಬ್ಬರ್ ತೆಗೀರಿ. ಇನ್ನೊಂದ್ ತಿಂಗಳು ಗಟ್ಟಿದೇನೂ ಕಡೀಬ್ಯಾಡ್ರಿ ಸರ್. ಹಲ್ಲಿನ ಮ್ಯಾಲ ತಂತಿ ಹಿಡಿದಿರೋ ಸ್ಟೀಲಿನ ಗುಂಡಿ ಕಿತ್ತು ಹೋದ್ರ ಆಪರೇಶನ್ ಮತ್ತ ನಾಲ್ಕು ತಿಂಗಳು ಮುಂದ ಹೋಗ್ತದ, ನೆಪ್ಪಿರ್ಲಿ!"

ವಾಪಸು ಬರುವ ಬಸ್ಸಿನಿಂದ ಮಸ್ಕಿಯಲ್ಲಿ ಇಳಿದೆ. ಅಕ್ಕ, ಭಾವ ಅಂಬಪ್ಪ, ಹುಲಿಗೆಮ್ಮ, ನನ್ನಾಕೆ ಎಲ್ಲರೂ ನನಗಿಂತ ಮೊದಲೇ ಬಂದು ಹುಡುಗನ ಅಜ್ಜಿ ಆದಮ್ಮನ ಮನೆಯ ಪಡಸಾಲೆಯಲ್ಲಿ ಕುಳಿತಿದ್ದರು. ಆದಮ್ಮ ಗೋಡೆಗೆ ಒರಗಿ, ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಬಂದವರನ್ನು ತಲೆಯಿಂದ ಕಾಲಿನವರೆಗೆ ತೂಗಿ ನೋಡುತ್ತಿದ್ದಳು.

ಮೊದಲು ಕಟಕ ರೊಟ್ಟಿ ಬಂತು! ಸೂರ್ಯನ ಬಿಸಿಲಿಗೆ ಹಿಡಿದರೆ ಆಚೆ ಕಾಣುವಷ್ಟು ತೆಳು, ಕಡಿದರೆ ಪಕ್ಕದ ಓಣಿಗೆ ಕೇಳುವಷ್ಟು ಗಟ್ಟಿ. ನಾನು ಗಾಬರಿಯಿಂದ ಮಾಸ್ಕಿನೊಳಗೆ ಹಲ್ಲು ಕಚ್ಚಿಕೊಂಡೇ ಗೊಣಗಿದೆ: "ಇವತ್ತು ಶನಿವಾರ. ನಂದು ಉಪಾಸ್ರಿ."

ಮುಂಜಾನೆ ಬಾಳೆಹಣ್ಣಿನ ಜೊತೆ ಎರಡು ಬೇಯಿಸಿದ ತತ್ತಿ ನುಂಗಿದ್ದನ್ನು ಕಣ್ಣಾರೆ ಕಂಡಿದ್ದ ಅನುಪಮಾ ಕೆಮ್ಮಿದಳು.

ಮಾತು ಮುಂದುವರಿಯಿತು. ಎಲ್ಲರೂ ಒಪ್ಪಿದರು. ಹುಡುಗನ ಕಾಕಾ ಎದ್ದು ತಟ್ಟೆ ತಂದು ನನ್ನ ಮುಂದೆ ಹಿಡಿದರು. "ಸಕ್ರಿ ತಗೋರಿ ಮಾವಾರ. ಬಾಯಿ ಸಿಹಿ ಮಾಡ್ಕೋರಿ."

ನೋಡಿದೆ. ಒಂದೊಂದು ಹರಳೂ ಮಸ್ಕಿ ಗುಡ್ಡದಿಂದ ಒಡೆದು ತಂದ ಬಂಡೆ! ಡಾಕ್ಟರಮ್ಮನ ಮಾತು ಕಿವಿಯಲ್ಲಿ ಗುಂಯ್ ಎಂದಿತು. ಗಟ್ಟಿಯದು ಕಡಿದರೆ ಗುಂಡಿ ಹೋಯಿತು, ಗುಂಡಿ ಹೋದರೆ ತಾರೀಖು ಹೋಯಿತು. ಇದ್ದುದರಲ್ಲಿ ಸಣ್ಣ ಹರಳು ಹೆಕ್ಕಿ ಮಾಸ್ಕಿನ ಹತ್ತಿರ ಒಯ್ದಂತೆ ಮಾಡಿ ಮೆಲ್ಲಗೆ ಜೇಬಿಗೆ ಇಳಿಸಿದೆ.

"ಅದ್ಯಾಕ ಕಿಸೇದಾಗ ಹಾಕ್ಕೊಂಡ್ಯಪಾ?" ಆದಮ್ಮನ ದನಿ ಪಡಸಾಲೆಯನ್ನೇ ನಡುಗಿಸಿತು. "ಮಾರಿಮ್ಯಾಗಿನ ಅರಿವಿ ತೆಗೀ ಮೊದಲು!"

ಮಾಸ್ಕು ಇಳಿಸಿದೆ. ತುಟಿ ಬಿಗಿ ಹಿಡಿದೆ. ಕಾಕಾ ಮುಖ ಸಪ್ಪಗೆ ಮಾಡಿದರು. "ಯಾಕ್ರಿ, ಸಂಬಂಧ ಮನಸಿಗೆ ಬರಲಿಲ್ಲೇನು?"

"ಹಂಗೇನಿಲ್ರಿ" ಎನ್ನಲು ಬಾಯಿ ತೆರೆದೆ. ಅಗಲಿಸಿದ ಬಾಯಿಯನ್ನು ರಬ್ಬರು ಹಿಡಿದು ಎಳೆದಿದ್ದರಿಂದ ಮಾತು ಹೊರಗೆ ಬರಲಿಲ್ಲ, ಆದರೆ ಬಾಗಿಲ ಬಿಸಿಲು ಒಳಗೆ ಹೋಯಿತು. ಹದಿನಾಲ್ಕು ತಿಂಗಳ ಗುಟ್ಟು ಫಳಫಳ ಹೊಳೆಯಿತು!

"ಯವ್ವಾ ನಮ್ಮವ್ವಾ! ಹಲ್ಲಿಗೆ ತಂತಿ!" ಆದಮ್ಮ ಎದ್ದೇ ನಿಂತಳು. "ನಮ್ಮ ಓಣ್ಯಾಗ ಲಗ್ನಕ್ಕ ನಿಂತ ಹುಡುಗೋರು ಹಾಕಿಸ್ಕೊಂಡಾರ ಇದನ್ನ. ಈ ವಯಸ್ಸಿಗೆ ನಿನಗ್ಯಾಕಪಾ? ಸಕ್ರಿ ಮುಟ್ಟವಲ್ಲಿ, ರೊಟ್ಟಿ ಮುಟ್ಟವಲ್ಲಿ, ಮಾರಿ ಮುಚ್ಕೊಂಡು ಕುಂತೀದಿ. ತಿಳೀತು ತಿಳೀತು! ಅಕ್ಕನ ಮಗಳನ್ನ ಹೊರಗ ಕೊಡಾಕ ಮನಸಿಲ್ಲ. ತಾನ ಮದುಮಗ ಆಗಾಕ ನಿಂತಾನ!"

ಭಾವ ಅಂಬಪ್ಪ ನನ್ನನ್ನು ಮೊದಲ ಸಲ ನೋಡುವವರಂತೆ ನೋಡಿದರು. ನಾನು ಎರಡೂ ಕೈ ಆಡಿಸಿ "ಮ್ಮ್! ಮ್ಮ್ಮ್!" ಎಂದೆ. ಅದು ಇನ್ನಷ್ಟು ಅನುಮಾನಕ್ಕೆ ಎಡೆ ಮಾಡಿಕೊಟ್ಟಿತು.

ಅನುಪಮಾ ಎದ್ದಳು. "ಅಜ್ಜೀ, ಮನ್ಯಾಗ ಹೇಂತಿ ಅಂತ ನಾ ಒಬ್ಬಾಕಿ ಅದೀನಿ. ನನ್ನನ್ನ ಎರಡನೇ ಕಪ್ ಚಾ ಕೇಳಾಕ ಇವರಿಗೆ ಧೈರ್ಯ ಸಾಲಂಗಿಲ್ಲ, ಇನ್ನ ಎರಡನೇ ಲಗ್ನ ಎಲ್ಲಿಂದ ಮಾಡ್ಕೋತಾರ? ಆ ತಂತಿ ಲಗ್ನಕ್ಕಲ್ಲ. ದವಡಿ ಕೊಯ್ದು ಹಿಂದ ಸರಸಾಕ ಹಾಕ್ಯಾರ!"

"ದವಡಿ ಕೊಯ್ದು ಹಿಂದ ಸರಸ್ತಾರ?" ಆದಮ್ಮ ನಕ್ಕಳು. "ಸುಳ್ಳ ಹೇಳಿದ್ರೂ ನಂಬೂವಂಗ ಹೇಳ್ಬೇಕವ್ವಾ! ಸಕ್ರಿ ತಿನ್ಲಿ, ನಂಬ್ತೀನಿ. ಇಲ್ಲಾಂದ್ರ ಈ ಮಾತು ಇಲ್ಲಿಗೇ ಬಿಡೋಣು."

ಒಳಬಾಗಿಲಲ್ಲಿ ನಿಂತಿದ್ದ ಹುಲಿಗೆಮ್ಮನ ಕಣ್ಣು ತುಂಬಿತು. "ಮಾಮಾ..." ಎಂದಳು. ಅಷ್ಟೇ. ಸುಡಲಿ ಈ ದವಡೆ! ಮುಂದಿದ್ದರೇನು, ಹಿಂದಿದ್ದರೇನು, ಈ ಹುಡುಗಿಯ ಬದುಕಿಗಿಂತ ಹೆಚ್ಚಿನದೇ?

ತಟ್ಟೆಗೆ ಕೈ ಹಾಕಿ ಎಲ್ಲಕ್ಕಿಂತ ದೊಡ್ಡ ಹರಳನ್ನೇ ಎತ್ತಿದೆ. ಇನ್ನೊಂದು ಕೈಯ ಎರಡು ಬೆರಳು ಬಾಯಿಗೆ ಹಾಕಿ ರಬ್ಬರು ಬಿಚ್ಚಿದೆ. ಎಡಗಡೆಯದು ಮರ್ಯಾದೆಯಿಂದ ಬಂತು. ಬಲಗಡೆಯದು ಚಟ್ ಎಂದು ಚಿಮ್ಮಿ ಹೋಗಿ ಕಾಕಾ ಅವರ ಮೀಸೆಯಲ್ಲಿ ಕುಳಿತಿತು! ಅವರು ಅದನ್ನು ಬಿಡಿಸಿಕೊಳ್ಳುವಷ್ಟರಲ್ಲಿ ನಾನು ಹರಳನ್ನು ದವಡೆಗೆ ಕೊಟ್ಟು, ಕಣ್ಣು ಮುಚ್ಚಿ, ಹಟ್ಟಿಯ ಗಣಿಯಲ್ಲಿ ಬಂಡೆ ಒಡೆಯುವ ಭರದಲ್ಲಿ ಕಡಿದೆ.

ಕಟಾರ್!

ಬಾಯಿಯಲ್ಲಿ ಈಗ ಸಿಹಿಯ ಚೂರೂ ಇದ್ದವು, ಸ್ಟೀಲಿನ ಚೂರೂ ಇದ್ದವು. ಯಾವುದನ್ನು ನುಂಗಬೇಕು, ಯಾವುದನ್ನು ಉಗುಳಬೇಕು ಎಂದು ನಾಲಿಗೆಗೇ ತಿಳಿಯಲಿಲ್ಲ. ತಂತಿಯ ತುದಿ ಕೆನ್ನೆಯೊಳಗೆ ಚುಚ್ಚಿ ಕಣ್ಣಿಂದ ನೀರು ದಳದಳ ಇಳಿಯಿತು.

"ನೋಡ್ರಿ, ಸ್ವಾದರಮಾವ ಅಳಾಕತ್ತಾನ! ಹುಡುಗಿ ಮ್ಯಾಲ ಎಷ್ಟು ಜೀವ ಇಟ್ಕೊಂಡಾನ!" ಎಂದು ಕಾಕಾ ಗದ್ಗದಿತರಾದರು. ಆದಮ್ಮನ ಮುಖವೂ ಮೆತ್ತಗಾಯಿತು. ಸಂಬಂಧ ಗಟ್ಟಿಯಾಯಿತು! ಅಕ್ಕ ಕಣ್ಣೊರೆಸಿಕೊಂಡಳು. ಎಲ್ಲರ ಬಾಯಿಗೂ ಸಕ್ಕರೆ ಬಿತ್ತು.

ಹುಲಿಗೆಮ್ಮ ನರ್ಸಮ್ಮನಾಗಿ ಓಡಿ ಬಂದು ನನ್ನ ಕೆನ್ನೆಯೊಳಗೆ ಹತ್ತಿ ಒತ್ತಿದಳು. ಅಂಗೈಯಲ್ಲಿ ಉಗುಳಿದ ಗುಂಡಿಗಳನ್ನು ಎಣಿಸಿದಳು: ಮೂರು. ಅನುಪಮಾ ಅಲ್ಲಿಂದಲೇ ಲಿಂಗಸುಗೂರಿಗೆ ಫೋನು ಹಚ್ಚಿದಳು. ಡಾಕ್ಟರಮ್ಮ ಅತ್ತ ಕಡೆಯಿಂದ ಬೈದದ್ದು ಪಡಸಾಲೆಗೆಲ್ಲ ಕೇಳಿಸಿತು. ಆಪರೇಶನ್ ನಾಲ್ಕು ತಿಂಗಳು ಮುಂದೆ! ಅಂದರೆ ಅದಕ್ಕೂ ಮೊದಲೇ ನಡೆಯುವ ಹುಲಿಗೆಮ್ಮನ ಮದುವೆಯ ಒಂದೊಂದು ಫೋಟೋದಲ್ಲೂ ಈ ದವಡೆ, ಇದೇ ನಿಜರೂಪದಲ್ಲಿ, ನನಗಿಂತ ಮುಂದೆ ನಿಂತಿರುತ್ತದೆ.

ಆದರೂ ನನಗೆ ಒಳಗೊಳಗೇ ಹೆಮ್ಮೆ. ತ್ಯಾಗವೆಂದರೆ ಸಣ್ಣದೇ? ಹತ್ತಿ ಕಚ್ಚಿಕೊಂಡೇ, ಎಲ್ಲರಿಗೂ ಕೇಳುವಂತೆ, ಆದಮ್ಮನ ಮುಂದೆ ನಿಂತು ಹೇಳಿದೆ: "ನೋಡ್ರಿ ಅಜ್ಜೀ, ನಿಮ್ಮ ಸಕ್ರಿ ಕಡದು ನಾ ನನ್ನ ದವಡೀನ ದಾನ ಮಾಡೀನಿ. ಈಗರ ನಂಬಿಕಿ ಬಂತಿಲ್ರಿ?"

ಆದಮ್ಮ ಸೆರಗು ಸರಿಸಿ, ನನ್ನ ಮುಂದೆ ಬಾಯಿ ಅಗಲಿಸಿ ತೆರೆದಳು. ಒಳಗೆ ಔಷಧಕ್ಕೂ ಒಂದು ಹಲ್ಲಿರಲಿಲ್ಲ. ನಾಲಿಗೆಯ ಮೇಲೆ ಸಕ್ಕರೆಯ ಹರಳು ಅರ್ಧ ಕರಗಿ ತಣ್ಣಗೆ ಕುಳಿತಿತ್ತು.

"ದೇವರು ನಾಲಿಗಿ ಕೊಟ್ಟಿಲ್ಲೇನೋ ನಿನಗ? ಕಲ್ಲಸಕ್ರಿ ಚೀಪೋದಪಾ! ಕಡೀ ಅಂತ ನಿನಗ್ಯಾರ್ ಹೇಳಿದ್ರು?"